ಒಲೆಯ ಪಕ್ಕದ ಸ್ಕ್ಯಾನರ್

ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ರೇಡಿಯೋ ಸ್ಕ್ಯಾನರ್ ಇರುವುದು ಅಡುಗೆಮನೆಯಲ್ಲಿ, ಅರಿಸಿನದ ಡಬ್ಬಿಯ ಪಕ್ಕ. ಅಪ್ಪ ರೈಲ್ವೆ ನೌಕರರು, ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೋದವರು. ದಿನಾ ಮುಂಜಾನೆ ಮಹಡಿಯ ಕೋಣೆಯಲ್ಲಿ ಕುಳಿತು ಈ ತೆಲುಗು ಊರಿನ ನಾಲ್ಕಾರು ಕನ್ನಡದ ಗೆಳೆಯರೊಡನೆ ಗಾಳಿಯಲ್ಲೇ ಹರಟುತ್ತಿದ್ದರು. ಅದು ಅವ್ವನಿಗೂ ಕೇಳಲೆಂದು ಈ ಸ್ಕ್ಯಾನರ್ ತಂದಿಟ್ಟರು. ಇದಕ್ಕೆ ಕಿವಿ ಇದೆ, ಬಾಯಿಲ್ಲ. ಅಪ್ಪ "ಮುಗಿಸ್ತೀನ್ರಿ" ಅಂದದ್ದು ಕೇಳಿದೊಡನೆ ಅವ್ವ ಒಲೆಯ ಮೇಲೆ ಹಂಚಿಡುತ್ತಿದ್ದಳು.

ಅಪ್ಪ ಹೋದ ಮೇಲೂ ಅವಳು ಅದನ್ನು ಆರಿಸಲಿಲ್ಲ. ಆ ಹರಟೆಯಲ್ಲಿ ಹುರುಳಿತ್ತೇ ಎಂದರೆ, ಏನೂ ಇಲ್ಲ. ನಿಮ್ಮ ದನಿ ಚೆನ್ನಾಗಿ ಬರುತ್ತಿದೆ, ನನ್ನದು ಹೇಗೆ ಬರುತ್ತಿದೆ, ತಾರ್ನಾಕದಲ್ಲಿ ಮೋಡ ಇದೆ, ಬೇಗಂಪೇಟೆಯಲ್ಲಿ ಇಲ್ಲ. ಇಷ್ಟು ಹೇಳಲು ಒಂದು ತಾಸು. ಆದರೆ ಮುಗಿಸುವಾಗ ಒಬ್ಬೊಬ್ಬರೂ "ವೈನಿ, ನಮಸ್ಕಾರ್ರಿ" ಅನ್ನುತ್ತಿದ್ದರು. ಅವ್ವ ಓಣಿಯಲ್ಲಿ ಆಂಟಿ, ತರಕಾರಿಯವನಿಗೆ ಅಮ್ಮಾ, ಬ್ಯಾಂಕಿನಲ್ಲಿ ಮೇಡಂ. ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರು ಇಷ್ಟು ದೊಡ್ಡ ಊರಿನಲ್ಲಿ ಆ ರೇಡಿಯೋ ಡಬ್ಬಿಯೊಳಗೆ ಮಾತ್ರ ಉಳಿದಿದ್ದರು. ಅವಳು ಹಿಟ್ಟಿನ ಕೈಯಲ್ಲೇ ಡಬ್ಬಿಗೆ ನಮಸ್ಕಾರ ಹೇಳುತ್ತಿದ್ದಳು.

ಹೀಗಿರುವಾಗ ಆ ಹಿರಿಯರು ತಮ್ಮ ಫ್ರೀಕ್ವೆನ್ಸಿ ಬದಲಿಸಿದರು. ಬದಲಿಸುವ ಮುನ್ನ ಅವರು ಹೇಳಿದ ಹೊಸದನ್ನು ಅವ್ವ ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು. ಆದರೆ ಸ್ಕ್ಯಾನರಿನ ಗುಂಡಿಗಳು ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಕುಡಿದು ಸತ್ತಿದ್ದವು. ಕಂಪ್ಯೂಟರಿಗೆ ಜೋಡಿಸಿ, ಸ್ಕ್ಯಾನರಿನದೇ ಸಾಫ್ಟ್‌ವೇರ್‌ನಿಂದ ಹೊಸ ಫ್ರೀಕ್ವೆನ್ಸಿ ತುಂಬಿಸುವುದೊಂದೇ ದಾರಿ. ಅಲ್ಲಿಯವರೆಗೆ ಡಬ್ಬಿಯಲ್ಲಿ ಬರೀ ಗೊರಗೊರ. ಅವ್ವ ರೊಟ್ಟಿ ಬಡಿಯುತ್ತ ಅದನ್ನೇ ಕೇಳುತ್ತಿದ್ದಳು, ನನಗೆ ನೋಡಲಾಗುತ್ತಿರಲಿಲ್ಲ.

ಸ್ಕ್ಯಾನರ್ ಕಂಪನಿಯ ವೆಬ್‌ಸೈಟ್ ನನಗೆ ಸಂತಾಪ ಸೂಚಿಸಿತು. ಈ ಮಾಡೆಲ್‌ಗೆ ಈಗ ಬೆಂಬಲವಿಲ್ಲ, ಹೊಸದನ್ನು ನೋಡಿ ಎಂದಿತು. ಅಲ್ಲಿನ ಯಂತ್ರದ ಸಹಾಯಕ ನನ್ನ ಸಮಸ್ಯೆಯನ್ನು ನನಗೇ ತಿರುಗಿ ಒಪ್ಪಿಸಿ, ಸೇವೆ ತೃಪ್ತಿಯಾಯಿತೇ ಎಂದು ಕೇಳಿತು. ಎಲ್ಲೋ ಸಿಕ್ಕ ಡೌನ್‌ಲೋಡ್ ಲಿಂಕ್ ಒತ್ತಿದರೆ ಹಾಸಿಗೆ ಮಾರುವ ಅಂಗಡಿ ತೆರೆಯಿತು. ಕೇಬಲ್ಲಾದರೂ ಇರಲೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕೋಠಿಗೆ ಹೋದೆ. ಅಂಗಡಿಯವನು ಸ್ಕ್ಯಾನರನ್ನು ಭಕ್ತಿಯಿಂದ ತಿರುಗಿಸಿ ನೋಡಿ, ಸಿನಿಮಾ ಶೂಟಿಂಗಿಗೆ ಬಾಡಿಗೆಗೆ ಕೊಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದ.

ಕೊನೆಗೆ ಅಪ್ಪನ ಗೆಳೆಯರಲ್ಲಿ ಒಬ್ಬರಿಗೆ ಫೋನ್ ಮಾಡಿದೆ. ರಕ್ಷಣಾ ಕಾರ್ಖಾನೆಯ ನಿವೃತ್ತ ಎಂಜಿನಿಯರ್. ಚಿಂತೆ ಬೇಡ, ನಾಳೆ ಮುಂಜಾನೆಯೇ ಎಲ್ಲರನ್ನೂ ಕೇಳಿ ಹೇಳುತ್ತೇನೆ ಎಂದರು. ಆಮೇಲೆ ಸುದ್ದಿಯೇ ಇಲ್ಲ. ಎರಡನೇ ಸಲ ಮಾಡಿದರೆ ಎತ್ತಲಿಲ್ಲ. ಖಂಡಾಂತರಕ್ಕೆ ಮಾತು ಮುಟ್ಟಿಸುವ ಈ ಮಹನೀಯರಿಗೆ ಮಲ್ಕಾಜ್‌ಗಿರಿಗೆ ಒಂದು ಫೋನ್ ಮಾಡಲಾಗದೇ ಎಂದು ನನಗೆ ಮೈಯೆಲ್ಲ ಉರಿಯಿತು. ಅವ್ವನ ಮುಂದೆ ಅವರನ್ನೆಲ್ಲ ಬೈದೆ.

ಬೈಗುಳ ಮುಗಿಯುವವರೆಗೆ ಕಾದು ಅವ್ವ ಹೇಳಿದಳು: "ನಿಮ್ಮಪ್ಪ ಇದನ್ನ ತಮ್ಮ ಹಳೇ ಕಂಪ್ಯೂಟರಿಗೆ ಕಟ್ಟಿ ಏನೋ ಮಾಡ್ತಿದ್ರು. ಆ ಕಂಪ್ಯೂಟರಿನ ಚೀಲದಾಗ ನಾ ಹಪ್ಪಳ ಇಟ್ಟೀನಿ."

ಅಟ್ಟದಿಂದ ಚೀಲ ಇಳಿಸಿದೆ. ಹಪ್ಪಳದ ಕೆಳಗೆ ಲ್ಯಾಪ್‌ಟಾಪ್, ಅದರ ಕೆಳಗೆ ಕೇಬಲ್. ಬಹಳ ಹೊತ್ತು ಗೊಣಗಿ ಲ್ಯಾಪ್‌ಟಾಪ್ ಎದ್ದಿತು. ಸಾಫ್ಟ್‌ವೇರ್ ಒಳಗೇ ಇತ್ತು. ಅದರಲ್ಲಿ ಅಪ್ಪ ಉಳಿಸಿದ್ದ ಒಂದೇ ಫೈಲಿನ ಹೆಸರು 'ಅಡುಗೆಮನೆ'. ಹೊಸ ಫ್ರೀಕ್ವೆನ್ಸಿ ತುಂಬಿಸಿದೆ.

ಮರುದಿನ ಮುಂಜಾನೆ ಗೊರಗೊರ ನಿಂತು ಎಂಜಿನಿಯರರ ದನಿ ಬಂತು. "ಅವರ ಹಳೇ ಲ್ಯಾಪ್‌ಟಾಪಿನಾಗ ಸಾಫ್ಟ್‌ವೇರ್ ಐತಿ ಅಂತ ದಿನಾ ಹೇಳಾಕತ್ತೀವಿ. ಆ ಹುಡುಗ ನೋಡ್ಯಾನೋ ಇಲ್ಲೋ."

ಹುಡುಗ ಎಂದರೆ ಐವತ್ತು ದಾಟಿದ ನಾನು. ಕಿವುಡಾದ ಡಬ್ಬಿಗೆ ಮದ್ದು ಯಾವುದೆಂದು ಇವರು ದಿನವೂ ಅದರ ಕಿವಿಯಲ್ಲೇ ಹೇಳುತ್ತಿದ್ದರು. ಫೋನು ಅವರ ಘನತೆಗೆ ತಕ್ಕ ಸಾಧನವಾಗಿರಲಿಲ್ಲ.

ಆಮೇಲೆ ಅವರು ಮೆತ್ತಗೆ ಕೇಳಿದರು. "ವೈನಿ, ಇವತ್ತರೆ ಕೇಳಾಕತ್ತೀರೇನ್ರಿ?" ಅವರ ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು, ಅದೇ ಪ್ರಶ್ನೆ.

"ಕೇಳಾಕತ್ತೀನ್ರಿ" ಎಂದಳು ಅವ್ವ, ಡಬ್ಬಿಗೆ. ಅವಳ ಕಣ್ಣು ತುಂಬಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರಿಗೆ ತಿಳಿಸೋಣವೆಂದು ಫೋನ್ ತೆಗೆದೆ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದಳು.

"ಈಗ ಬ್ಯಾಡ. ಇನ್ನೊಂದೆರಡು ದಿನ ಹಿಂಗ ಕರೀಲಿ."