ಬಾಯಿಮಾತಿನ ಆರ್ಡರ್

ತೊಂಬತ್ತರ ದಶಕದ ನಡುವಿನಲ್ಲಿ ನಾನು ಧರ್ಮಪುರಿ ಹತ್ತಿರ, ನಲ್ಲಂಪಳ್ಳಿ ಕಡೆಯ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಾಗಿದ್ದೆ. ಸೇಲಂನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿಗೆ ಡಾಕ್ಟರು ನಾನೊಬ್ಬಳೇ. ಜೊತೆಗಿದ್ದ ನರ್ಸಮ್ಮನಿಗೆ ನನ್ನ ತಾಯಿಯ ವಯಸ್ಸು. ಮೆಟ್ಟೂರು ಕಡೆಯ ಕನ್ನಡದ ಬೇಸಾಯಗಾರರ ಮನೆಯವರು. ರಿಜಿಸ್ಟರನ್ನು ತಮಿಳಿನಲ್ಲಿ ಬರೆಯುತ್ತಿದ್ದರು, ನನ್ನ ಹತ್ತಿರ ಮಾತ್ರ ಕನ್ನಡ ಆಡುತ್ತಿದ್ದರು. ನನ್ನ ಪೇಟೆ ಕನ್ನಡ ಕೇಳಿ ನಗುತ್ತಿದ್ದರು.

ಹತ್ತಿರದ ಹಳ್ಳಿಯ ಒಬ್ಬ ಹೆಂಗಸು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಹಾಕಿಸಿಕೊಳ್ಳಲು ಬರುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅವಳ ಹೃದಯವನ್ನು ಕೆಡಿಸಿತ್ತು. ಆ ಇಂಜೆಕ್ಷನ್ ಯಾವಾಗ ಯಾರ ಮೈಗೆ ಒಗ್ಗದೆ ಹೋಗುತ್ತದೋ ಹೇಳಲಾಗದು, ಆದ್ದರಿಂದ ಡಾಕ್ಟರ ಎದುರಿನಲ್ಲೇ ಹಾಕಬೇಕೆಂಬುದು ನಮ್ಮ ನಿಯಮ. ಆದರೆ ಮೇಲಿಂದ ಮೇಲೆ ಧರ್ಮಪುರಿಯಲ್ಲಿ ಮೀಟಿಂಗು. ಹಾಗೆ ಹೊರಟ ಒಂದು ಬೆಳಿಗ್ಗೆ ಬಸ್ಸಿನ ಆತುರದಲ್ಲಿ ನರ್ಸಮ್ಮನಿಗೆ ಹೇಳಿದೆ: "ಆಕೆ ಬಂದ್ರೆ ನೀವೇ ಹಾಕಿಬಿಡಿ. ಏನಾದ್ರೂ ಆದ್ರೆ ಅಡ್ರಿನಲಿನ್ ಕೊಡಿ, ನನಗೋಸ್ಕರ ಕಾಯಬೇಡಿ." ಕಾಗದದ ಮೇಲೆ ಏನೂ ಬರೆಯಲಿಲ್ಲ.

ಮಧ್ಯಾಹ್ನ ಹಿಂದಿರುಗಿದಾಗ ಆಕೆ ಮಂಚದ ಮೇಲಿದ್ದಳು, ಸಲೈನ್ ಇಳಿಯುತ್ತಿತ್ತು. ಇಂಜೆಕ್ಷನ್ ಆದ ಐದು ನಿಮಿಷಕ್ಕೆ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ನಾಡಿಯೇ ಸಿಕ್ಕದೆ ಹೋಗಿತ್ತಂತೆ. ನರ್ಸಮ್ಮ ಒಬ್ಬರೇ ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡಿದ್ದರು. ನನ್ನನ್ನು ಕಂಡವರೇ ಬೆಂಚಿನ ಮೇಲೆ ಕುಸಿದು ಕೂತರು.

"ಜೀವ ಐತೆ ಡಾಕ್ಟ್ರಮ್ಮ. ಈಗ ನಂಗೇ ಕೈಕಾಲು ಆಡ್ತಿಲ್ಲ."

ಆಕೆ ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮನೆ ಸೇರಿದಳು. ಆದರೆ ಅವತ್ತು ಜೊತೆಗೆ ಬಂದಿದ್ದ ಅವಳ ಮೈದುನ, ಡಾಕ್ಟರಿಲ್ಲದಾಗ ನರ್ಸು ಸೂಜಿ ಚುಚ್ಚಿ ಸಾಯಿಸಲು ಹೊರಟಿದ್ದಳೆಂದು ಮೇಲಿನವರಿಗೆ ಅರ್ಜಿ ಕೊಟ್ಟ. ಅವನನ್ನು ದೂರಲಾರೆ, ಆಕೆ ಉಸಿರು ಕಟ್ಟಿ ಒದ್ದಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ವಿಚಾರಣೆಗೆ ಬಂದ ಹಿರಿಯ ಅಧಿಕಾರಿ ಮೊದಲು ನನ್ನೊಬ್ಬಳನ್ನೇ ಒಳಗೆ ಕರೆದರು. ಮಗಳಿಗೆ ಹೇಳುವ ಹಾಗೆ, ತಮಿಳಿನಲ್ಲಿ, ಮೆಲ್ಲಗೆ ಹೇಳಿದರು: "ರಿಜಿಸ್ಟರಿನಲ್ಲಿ ನಿಮ್ಮ ಆರ್ಡರ್ ಇಲ್ಲವಮ್ಮ. 'ಹಾಕಲು ನಾನು ಹೇಳಿರಲಿಲ್ಲ' ಅಂತ ಬರೆದುಕೊಡಿ. ನಾಳೆ ಕೋರ್ಟಿಗೆ ಹೋದರೂ ನಿಮ್ಮ ಮೇಲೆ ಬರೋದಿಲ್ಲ."

"ಅವರಿಗೆ?"

"ಸಸ್ಪೆಂಡ್ ಮಾಡಬೇಕಾಗುತ್ತೆ."

ನಾನು ಕೂಡಲೇ ಆಗುವುದಿಲ್ಲ ಎನ್ನಲಿಲ್ಲ. ಮೇಲಿನ ಓದಿಗೆ ಅರ್ಜಿ ಹಾಕಿದ್ದೆ, ಅದೇ ಕಣ್ಣ ಮುಂದೆ ಬಂತು. ಹತ್ತು ನಿಮಿಷ ಕೊಡಿ ಎಂದು ಹೊರಗೆ ಬಂದೆ.

ವರಾಂಡದಲ್ಲಿ ನಿಂತಿದ್ದ ನರ್ಸಮ್ಮ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡರು. "ನೀವು ಯೋಳಿರಲಿಲ್ಲ ಅಂತ ನಾನೇ ಯೋಳ್ಬುಡ್ತೀನಿ. ನೀವು ಚಿಕ್ಕೋರು, ಇನ್ನೂ ಓದ್ಬೇಕು. ನನ್ ಸರ್ವೀಸು ಮುಗೀತಾ ಬಂತು."

ನನಗೆ ನಾಚಿಕೆಯಾಯಿತು. "ನಾನೇ ತಾನೇ ಹೇಳಿದ್ದು?"

"ಬಾಯಾಗೆ ಯೋಳಿದ್ರಿ. ಪೇಪರ್‌ನಾಗೆ ಏನೈತೆ?"

ಒಳಗೆ ಹೋಗಿ ಬರೆದುಕೊಟ್ಟೆ: ಹಾಕಲು ಹೇಳಿದ್ದು ನಾನು, ಅವರು ನನ್ನ ಉಸ್ತುವಾರಿಯಲ್ಲಿ ಕೆಲಸ ಮಾಡುವವರು, ಹೊಣೆ ನನ್ನದು. ಅವರು ನನಗಾಗಿ ಕಾಯುತ್ತ ಕೂತಿದ್ದರೆ ರೋಗಿ ಉಳಿಯುತ್ತಿರಲಿಲ್ಲ ಎಂಬುದನ್ನೂ ಸೇರಿಸಿದೆ. ಅಧಿಕಾರಿ ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, ಫೈಲಿನೊಳಗೆ ಇಟ್ಟುಕೊಂಡರು.

ನನಗೆ ಮೆಮೊ ಬಂತು, ನರ್ಸಮ್ಮನ ಸಸ್ಪೆನ್ಶನ್ ತಪ್ಪಿತು. ಓದು ಒಂದು ವರ್ಷ ಮುಂದಕ್ಕೆ ಹೋಯಿತು. ಕೇಸು ಕೋರ್ಟಿನವರೆಗೆ ಹೋಗಲಿಲ್ಲ. ಆ ಹೆಂಗಸು ಇಂಜೆಕ್ಷನ್ ಬಿಟ್ಟು ಬೇರೆ ಮಾತ್ರೆ ತೆಗೆದುಕೊಳ್ಳತೊಡಗಿದಳು, ಚೆನ್ನಾಗಿದ್ದಳು. ನಾನಿಲ್ಲದಾಗ ಏನು ಮಾಡಬಹುದು, ಏನು ಕೂಡದು ಎಂದು ಬರೆದು ಸಹಿ ಹಾಕಿ ಗೋಡೆಗೆ ಅಂಟಿಸಿದೆ. ನರ್ಸಮ್ಮ ಅದನ್ನು ನಿಧಾನವಾಗಿ ಓದಿದರು.

"ಅವತ್ತೇ ನಾನು, ಬರ್ದುಕೊಟ್ಟು ಓಗಿ ಅಂತ ಕೇಳ್ಬೇಕಾಗಿತ್ತು," ಎಂದರು.

ಕೇಳಿದ್ದರೆ, ಬಸ್ಸಿಗೆ ಹೊತ್ತಾಯಿತೆಂದು ನಾನು ಸಿಡುಕುತ್ತಿದ್ದೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.