ಹೊಸ ಪಿಕಪ್ಪಿಗೆ ಮೊದಲ ಲೋಡು

ಗೆಳೆಯರೇ, ನನ್ನ ಹೊಸ ಡೀಸೆಲ್ ಪಿಕಪ್ಪಿಗೆ ಇವತ್ತು ಮೊದಲ ಲೋಡು ಸಿಕ್ಕಿತು: ಅಮ್ಮನ ಅಕ್ಕಿ ಸಂಡಿಗೆ!

ಹಿಂಬದಿಗೆ ಗೀರು ಬೀಳದಿರಲೆಂದು ನಿನ್ನೆ ಕಪ್ಪು ರಬ್ಬರ್ ಲೈನರ್ ಹಾಕಿಸಿದ್ದೆ. ಬೆಳಗ್ಗೆ ನೋಡಿದರೆ ಅದರ ಮೇಲೆ ಅಪ್ಪನ ಹಳೇ ಪಂಚೆ, ಪಂಚೆಯ ತುಂಬಾ ಸಂಡಿಗೆ.

"ಅಮ್ಮಾ, ಯಲಹಂಕಕ್ಕೆ ಬಾಡಿಗೆ ಇದೆ, ಹೊರಡ್ಬೇಕು!"

"ಕಪ್ಪು ರಬ್ಬರ್ ಎಷ್ಟು ಚೆನ್ನಾಗಿ ಕಾಯುತ್ತೆ ಗೊತ್ತೇನೋ? ಸಂಜೆವರ್ಗೂ ಎಲ್ಲೂ ಹೋಗ್ಬೇಡ. ನೆರಳು ಬಂದ್ರೆ ಮಾತ್ರ ಸ್ವಲ್ಪ ಮುಂದಕ್ಕೆ ತಗೋ."

ಬಾಡಿಗೆಯವರಿಗೆ ನಾಳೆ ಬರುತ್ತೇನೆಂದು ಫೋನ್ ಮಾಡಿದೆ. ಆಮೇಲೆ ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ದಿನವಿಡೀ ಬಿಸಿಲಿನ ಹಿಂದೆ ಗಾಡಿ ಸರಿಸಿದ್ದೇ ಕೆಲಸ.

ಡೀಸೆಲ್‌ಗೆ ಬೆರೆಸುವ ಅಡಿಟಿವ್ ಮಾರಿದವನು, "ಒಂದ್ ಬಾಟ್ಲಿ ಹಾಕಿ ಸಾರ್, ಗಾಡಿ ಹಾರುತ್ತೆ" ಅಂದಿದ್ದ. ಹಾಕಿದ್ದೇನೆ. ಬೆಳಗಿನಿಂದ ನಲವತ್ತು ಅಡಿ ಓಡಿದೆ. ಸಂಡಿಗೆ ಒಂದೂ ಮುರಿದಿಲ್ಲ.