ಅದೇ ಡಬ್ಬಿ, ಅದರಂಥ ಡಬ್ಬಿ

ನಮ್ಮ ‘ಒಂದೇ’ ಎಂಬ ಮಾತು ಬಲು ಮೋಸದ್ದು. ಇಬ್ಬರು ಹೆಂಗಸರು ಒಂದೇ ಸೀರೆ ಉಟ್ಟು ಮದುವೆಗೆ ಬಂದರು ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಒಂದೇ ಕುರ್ಚಿಯ ಮೇಲೆ ಕೂತರು ಎಂದರೆ ಮಾತ್ರ ಕುರ್ಚಿಯ ಚಿಂತೆ ಹತ್ತುತ್ತದೆ.

ಹೊಸ ಶತಮಾನದ ಆರಂಭದಲ್ಲಿ, ನಡುವಯಸ್ಸಿನ ನಾನು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಹೊರಟಿದ್ದಾಗ, ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯ ತಕರಾರು ನಡೆದಿತ್ತು. ನನ್ನ ಹೆಂಡತಿ ಗಿರಿಜಾ ಅದರಲ್ಲಿ ರವೆ ಉಂಡೆ ತುಂಬಿ ಪಕ್ಕದ ಮನೆಗೆ ಕೊಟ್ಟಿದ್ದಳು. ಪಕ್ಕದವರ ಹೆಸರೂ ಗಿರಿಜಾ. ತಿರುಗಿ ಬಂದ ಡಬ್ಬಿ ಅಷ್ಟೇ ದೊಡ್ಡದು, ಮೇಲೆ ಕೆತ್ತಿಸಿದ ಹೆಸರೂ ಅದೇ. ಆದರೆ ಇವಳದಲ್ಲ.

“ಎರಡೂ ಒಂದ ಅಲ್ಲೇನ, ಇರ್ಲಿ ಬಿಡು” ಎಂದೆ.

“ಹೆಂಗ ಒಂದರೀ? ಅದು ನಮ್ಮವ್ವ ಕೊಟ್ಟದ್ದು” ಎಂದಳು.

ತೀರಿಹೋದ ತಾಯಿಯ ಡಬ್ಬಿ. ಪಕ್ಕದವರು ಏನು ತಿಳಿದಾರೋ ಎಂದು ಅವಳು ಕೇಳಲೊಲ್ಲಳು. ಡಬ್ಬಿ ಕೇಳಲು ಹೋಗುವುದಕ್ಕೆ ನನ್ನ ಗಾಂಭೀರ್ಯ ಬಿಡಲೊಲ್ಲದು.

ಆ ವಾರ ನಾನೊಂದು ಪ್ರೋಗ್ರಾಮ್ ಬರೆದೆ. ಅದು ಹೆಸರು ಕೇಳುತ್ತದೆ. ಗಿರಿಜಾ ಎಂದರೆ ಸ್ವಾಗತಿಸುತ್ತದೆ. ಹೆಂಡತಿಯನ್ನು ಹುಬ್ಬಳ್ಳಿಯ ಕ್ಲಾಸಿಗೆ ಕರೆದೊಯ್ದು ಗತ್ತಿನಿಂದ ಕೂರಿಸಿದೆ. ಅವಳು ತನ್ನ ಹೆಸರಿನ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ‘ನೀವು ಯಾರೋ ಬೇರೆ’ ಎಂದಿತು ಯಂತ್ರ!

ಕಲಿಸುವ ನದಾಫ್ ಸರ್ ಬಗ್ಗಿ ನೋಡಿ ನಕ್ಕರು. “ಬರೇ ಒಂದು ಅಕ್ಷರ ಇದ್ರ ಎರಡು ಸಮ ಚಿಹ್ನಿ ಹಾಕಿ ಕೇಳಿದ್ರ ಸಾಕ್ರಿ. ಅಕ್ಷರ ಪೋಣಿಸಿ ಹೆಸರಾತಂದ್ರ ಹಂಗ ನಡ್ಯಂಗಿಲ್ಲ. ಅಕ್ಷರ ಅವ ಇದ್ರೂ, ನೀವು ಬರೆದಿಟ್ಟ ಹೆಸರು ಬ್ಯಾರೆ, ಇವರು ಒತ್ತಿದ ಹೆಸರು ಬ್ಯಾರೆ ಅಂತ ಯಂತ್ರ ತಿಳೀತದ. ನೀವು ‘ಇದು ಅದ ಏನು?’ ಅಂತ ಕೇಳೀರಿ. ‘ಇದು ಅದರಂಗ ಐತೇನು?’ ಅಂತ ಕೇಳಬೇಕು. ಅದಕ್ಕ ಈಕ್ವಲ್ಸ್ ಅಂತಾರ.”

“ಇವರದು ಯಾವಾಗಲೂ ಹಿಂಗ ನೋಡ್ರಿ ಸರ” ಎಂದಳು ಗಿರಿಜಾ. “ಇಲ್ಲಿ ಅದ ಬೇಕಂತಾರ, ಮನ್ಯಾಗ ಅದರಂಗ ಇದ್ರ ಸಾಕಂತಾರ.”

ದ್ವೈತ ಅದ್ವೈತದ ಪಂಡಿತರು ಕನಿಷ್ಠ ಒಂದು ಕಡೆಯಾದರೂ ನಿಲ್ಲುತ್ತಾರೆ. ನಾನು ಎರಡೂ ಕಡೆ ತಪ್ಪಾಗಿ ನಿಂತಿದ್ದೆ.

ಮರುದಿನ ಸಂಜೆ, ಬಂದಿದ್ದ ಡಬ್ಬಿ ಹಿಡಿದು ಪಕ್ಕದ ಮನೆಗೆ ನಾನೇ ಹೋದೆ. “ಅಯ್ಯ, ನಂದು ಅಲ್ಲೇ ಉಳಿದೈತಿ ಅಂತ ಗೊತ್ತಿತ್ರಿ, ಕೇಳಾಕ ನಾಚಿ ಸುಮ್ಮನಿದ್ದೆ” ಎಂದರು ಗಿರಿಜಕ್ಕ. ಬರಿದು ಕೊಡಬಾರದೆಂದು ಹಿಡಿ ಶೇಂಗಾ ಹಾಕಿ ನಮ್ಮ ಡಬ್ಬಿ ಕೊಟ್ಟರು. ಎಷ್ಟು ಹಗುರಾಯಿತು ನನಗೆ!

ನಮ್ಮ ಬಾಗಿಲು ಬಡಿದೆ.

“ಯಾರ್ರೀ?”

“ನಾನ!”

ನಮ್ಮ ಕಡೆ ಬಾಗಿಲು ಬಡಿದವರೆಲ್ಲ ಕೊಡುವ ಉತ್ತರ ಅದೊಂದೇ. ಹಾಲಿನವನೂ ‘ನಾನ’, ಕಳ್ಳ ಬಂದರೂ ‘ನಾನ’ ಎಂದಾನು. ಅಕ್ಷರ ನೋಡಿ ತೆಗೆಯುವುದಾದರೆ ಊರಿಗೆಲ್ಲ ತೆಗೆಯಬೇಕು.

ಒಳಗಿನಿಂದ ಇನ್ನೊಂದು ಪ್ರಶ್ನೆ ಬರಲಿಲ್ಲ. ಚಿಲಕ ಸರಿಯಿತು.